ಯಾವ ಶಾಲೆಯ ಸೂರಿಗೆ ಮೊದಲ ಹಣ? ಸರ್ಕಾರಿ ಶಾಲಾ ಕಟ್ಟಡಗಳ ಸ್ಥಿತಿ ಅಳೆಯುವ ಬಗೆ ಕುರಿತು ಒಂದು ಚರ್ಚೆ

ನಿವೃತ್ತ ಎಂಜಿನಿಯರ್, ಚಿತ್ರದುರ್ಗ:

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿ ಗ್ರಾಮದಲ್ಲಿ ಸರ್ಕಾರಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಪ್ರಾಣ ಕಳೆದುಕೊಂಡ ಮೇಲೆ, ಶಾಲಾ ಕಟ್ಟಡಗಳ ಸುರಕ್ಷತೆಯನ್ನು ಪರಿಶೀಲಿಸುವಂತೆ ಕೇಂದ್ರ ಶಿಕ್ಷಣ ಸಚಿವಾಲಯವು ಎಲ್ಲ ರಾಜ್ಯಗಳಿಗೆ ಸೂಚನೆ ನೀಡಿತು. ಇಂಥ ಸೂಚನೆ ಬಂದಾಗಲೆಲ್ಲ ಮುಖ್ಯಶಿಕ್ಷಕರಿಂದ ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೂ ಶಿಥಿಲ ಕೊಠಡಿಗಳ ಪಟ್ಟಿ ಹೋಗುತ್ತದೆ. ಪಟ್ಟಿಯೇನೋ ಉದ್ದವಾಗಿಯೇ ಇರುತ್ತದೆ. ಆದರೆ ಆ ವರ್ಷ ಕೈಗೆ ಸಿಗುವ ಅನುದಾನದಲ್ಲಿ ಅದರ ಯಾವ ಸಾಲನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದಕ್ಕೆ ಪಟ್ಟಿಯೊಳಗೆ ಉತ್ತರವಿರುವುದಿಲ್ಲ. ಉತ್ತರವಿಲ್ಲದ ಕಡೆ ಯಾರ ಕೈ ಮೇಲಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ನಾನು ಹೇಳುವುದು ಮುಖ್ಯವಾಗಿ ಎರಡು ಮಾತು. ಒಂದು, ಸ್ಥಿತಿಯನ್ನು ಅಳೆಯುವಾಗ ಕೊಠಡಿಯನ್ನೇ ಘಟಕವಾಗಿ ಹಿಡಿಯಬೇಕು. ನಮ್ಮ ಸೀಮೆಯ ಹಳೆಯ ಶಾಲೆಯ ಆವರಣಕ್ಕೆ ಹೋದರೆ ಕಲ್ಲುಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಒಂದು ಸಾಲು, 1990ರ ಆಸುಪಾಸಿನ ಕೇಂದ್ರ ಯೋಜನೆಗಳಾದ ಆಪರೇಷನ್ ಬ್ಲಾಕ್‌ಬೋರ್ಡ್ ಹಾಗೂ ಜವಾಹರ್ ರೋಜ್‌ಗಾರ್ ಯೋಜನೆಯ ಕಾಲದ ಎರಡು ತಾರಸಿ ಕೊಠಡಿ, ಸರ್ವಶಿಕ್ಷಾ ಅಭಿಯಾನದಲ್ಲಿ ಎದ್ದ ಇನ್ನೆರಡು, 2022ರ ನಂತರದ ವಿವೇಕ ಯೋಜನೆಯ ಒಂದು, ಹೀಗೆ ನಾಲ್ಕು ಕಾಲದ ಕಟ್ಟಡಗಳು ಒಂದೇ ಕಾಂಪೌಂಡಿನೊಳಗೆ ಸಿಗುತ್ತವೆ. ಇವೆಲ್ಲವನ್ನೂ ಸೇರಿಸಿ ‘ಶಾಲೆಯ ಸ್ಥಿತಿ: ಸಾಧಾರಣ’ ಎಂದು ಬರೆದುಬಿಟ್ಟರೆ, ಬೀಳುವ ಕೊಠಡಿಯು ಗಟ್ಟಿ ಕೊಠಡಿಯ ನೆರಳಿನಲ್ಲಿ ಅಡಗಿಕೊಳ್ಳುತ್ತದೆ. ಹಳೆಯದೆಲ್ಲ ಶಿಥಿಲ ಎಂಬ ನಂಬಿಕೆಯೂ ಸರಿಯಲ್ಲ. ಹೆಂಚು ತಿರುವಿ ಹಾಕಿ, ಗೆದ್ದಲು ತಿಂದ ರೀಪು (ಹೆಂಚಿನ ಕೆಳಗಿನ ಮರದ ಪಟ್ಟಿ) ಬದಲಾಯಿಸಿದರೆ ಗಾರೆ ಕಟ್ಟಡ ಇನ್ನೊಂದು ತಲೆಮಾರು ನಿಲ್ಲುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಅಪಾಯ ಕಂಡಿರುವುದು 1990ರ ಆಸುಪಾಸಿನ ತೆಳು ತಾರಸಿಗಳಲ್ಲಿ.

ಎರಡನೆಯದು, ಅಪಾಯವನ್ನೂ ಕೊರತೆಯನ್ನೂ ಒಂದೇ ಅಂಕದಲ್ಲಿ ಕೂಡಿಸಬಾರದು. ಉದಾಹರಣೆಗೆ ಕಟ್ಟಡದ ಭದ್ರತೆಗೆ 40, ಶೌಚಾಲಯಕ್ಕೆ 20, ನೀರಿಗೆ 15, ಕಾಂಪೌಂಡಿಗೆ 15, ವಿದ್ಯುತ್ತಿಗೆ 10 ಎಂದು ಅಂಕ ಹಂಚಿದ್ದೇವೆ ಎನ್ನೋಣ. ತಾರಸಿ ಉದುರುತ್ತಿದ್ದು ಭದ್ರತೆಯಲ್ಲಿ ಐದೇ ಅಂಕ ಪಡೆದ ಶಾಲೆ, ಉಳಿದೆಲ್ಲ ಸೌಕರ್ಯ ಇರುವ ಕಾರಣಕ್ಕೆ 65 ಅಂಕ ಪಡೆದು ‘ಉತ್ತಮ’ ಎನಿಸಿಕೊಳ್ಳುತ್ತದೆ; ತಾರಸಿ ಗಟ್ಟಿಯಿದ್ದು ನೀರು, ಕಾಂಪೌಂಡು, ವಿದ್ಯುತ್ತು ಇಲ್ಲದ ಶಾಲೆ 60 ಪಡೆದು ಅದಕ್ಕಿಂತ ಮೊದಲು ಹಣ ಪಡೆಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಶೌಚಾಲಯದ ಒಳ್ಳೆಯತನವು ತಾರಸಿಯ ಕೆಟ್ಟತನವನ್ನು ಸರಿದೂಗಿಸುವುದಿಲ್ಲ. ಆದ್ದರಿಂದ ಮೊದಲು ಅಪಾಯದ ಕೊಠಡಿಗಳನ್ನೇ ಬೇರೆ ಮಾಡಿ, ಅವುಗಳ ಕೆಲಸಕ್ಕೆ ಹಣ ಎತ್ತಿಟ್ಟು, ಉಳಿದ ಹಣಕ್ಕಷ್ಟೇ ಅಂಕಗಳ ಸ್ಪರ್ಧೆ ನಡೆಯಬೇಕು ಎಂಬುದು ನನ್ನ ವಾದ.

ಪರಿಶೀಲನೆಗೆ ದಸರಾ ರಜೆ ಒಳ್ಳೆಯ ಕಾಲ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಹೆಚ್ಚು ಮಳೆ ಬೀಳುವುದರಿಂದ ಎಲ್ಲಿ ಸೋರುತ್ತದೆ ಎಂಬುದು ಆಗ ಗೋಡೆಯ ಮೇಲೇ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಎಲ್ಲ ತಾರಸಿಯೂ ಒಣಗಿ ಬೆಳ್ಳಗೆ ಕಾಣುತ್ತದೆ.

ಮುಖ್ಯಶಿಕ್ಷಕಿ, ಚಳ್ಳಕೆರೆ ತಾಲ್ಲೂಕು:

ಸಾರ್, ನಿಮ್ಮ ಎರಡನೆಯ ಮಾತು ಒಪ್ಪುವಂಥದ್ದು. ಮೊದಲನೆಯದರಲ್ಲಿ ಒಂದು ತೊಡಕಿದೆ. ಎಲ್ಲ ಶಾಲೆಗಳ ಮಾಹಿತಿ ಸಂಗ್ರಹಿಸುವ ಕೇಂದ್ರದ ಯು-ಡೈಸ್ ಪ್ಲಸ್ ನಮೂನೆಯು ಕೊಠಡಿಗಳನ್ನು ‘ಸುಸ್ಥಿತಿ’, ‘ಸಣ್ಣ ದುರಸ್ತಿ’, ‘ದೊಡ್ಡ ದುರಸ್ತಿ’ ಎಂದು ವಿಂಗಡಿಸಿ ಎಷ್ಟೆಷ್ಟು ಎಂದು ಕೇಳುತ್ತದೆಯೇ ಹೊರತು, ಅದನ್ನು ತುಂಬಿದರೂ ಯಾವ ಕೊಠಡಿ ಎಂಬುದು ಮೇಲಿನವರಿಗೆ ಗೊತ್ತಾಗುವುದಿಲ್ಲ. ಎಂಟು ಕೊಠಡಿಗಳಲ್ಲಿ ಮೂರು ದೊಡ್ಡ ದುರಸ್ತಿ ಎಂದು ನಾನು ಬರೆದರೆ, ಆ ಮೂರರಲ್ಲಿ ಒಂದರ ಕೆಳಗೆ ನಲಿ-ಕಲಿ ಮಕ್ಕಳು ಕುಳಿತಿದ್ದಾರೆ, ಇನ್ನೆರಡಕ್ಕೆ ಬೀಗ ಹಾಕಿದೆ ಎಂಬ ಸಂಗತಿ ಎಲ್ಲಿಯೂ ದಾಖಲಾಗುವುದಿಲ್ಲ. ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ದಿನವಿಡೀ ಅದೇ ಕೊಠಡಿಯಲ್ಲಿ, ಬಹುಪಾಲು ನೆಲದ ಮೇಲೆ ಇರುತ್ತಾರೆ. ತಾರಸಿಯ ಬಿರುಕಿಗೆ ಕೊಡುವಷ್ಟೇ ಗಮನವನ್ನು ಅಲ್ಲಿ ನೆಲದ ಥಂಡಿಗೂ ಕೊಡಬೇಕು.

ಇನ್ನು ಸಣ್ಣದು, ದೊಡ್ಡದು ಎಂದು ತೀರ್ಮಾನಿಸುವವರು ಯಾರು? ನಾವೇ. ಸಮಾಜ ವಿಜ್ಞಾನದ ಶಿಕ್ಷಕಿಯಾದ ನನಗೆ ಬಿರುಕು ಪ್ಲಾಸ್ಟರಿನದೋ ಗೋಡೆಯದೋ ಎಂದು ಹೇಳಿಕೊಟ್ಟವರು ಯಾರೂ ಇಲ್ಲ. ‘ದೊಡ್ಡ ದುರಸ್ತಿ’ ಎಂದು ಬರೆದರೆ ಕೊಠಡಿಯನ್ನು ಬಳಸಿದ್ದೇಕೆ ಎಂಬ ಪ್ರಶ್ನೆ ನಮ್ಮ ಮೇಲೇ ಬರಬಹುದೆಂಬ ಅಳುಕು ಒಂದು ಕಡೆ, ‘ಸುಸ್ಥಿತಿ’ ಎಂದರೆ ಅನುದಾನ ಬರುವುದಿಲ್ಲವೆಂಬ ಲೆಕ್ಕ ಇನ್ನೊಂದು ಕಡೆ. ಕೆಲವರು ಕಳೆದ ವರ್ಷದ ಅಂಕಿಯನ್ನೇ ಈ ವರ್ಷಕ್ಕೂ ಇಳಿಸುತ್ತಾರೆ, ಅವರನ್ನು ದೂರುವುದೂ ಕಷ್ಟ. ಹೀಗೆ ಅಳುಕಿನಿಂದಲೂ ಆಸೆಯಿಂದಲೂ ತುಂಬಿದ ಅಂಕಿಯ ಮೇಲೆ ಕೋಟಿಗಟ್ಟಲೆ ಹಣದ ಕ್ರಮಾಂಕ ನಿಂತಿದೆ.

ಬೀಗ ಹಾಕಿದ ಕೊಠಡಿಗಳ ಬಗ್ಗೆಯೂ ಒಂದು ಮಾತು. ಮಕ್ಕಳು ಕೂರುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂದು ಪಟ್ಟಿಯಲ್ಲಿ ಅವು ಕೆಳಗೆ ಹೋಗುತ್ತವೆ. ಆದರೆ ಬಿಡುವಿನಲ್ಲಿ ಅವುಗಳ ನೆರಳಿನಲ್ಲೇ ಮಕ್ಕಳು ಆಡುತ್ತಾರೆ. ಎಷ್ಟೋ ಕಡೆ ಬಿಸಿಯೂಟದ ಅಕ್ಕಿ, ಬೇಳೆ ಇರುವುದೂ ಅಂಥ ಕೊಠಡಿಯಲ್ಲೇ, ಅಂದರೆ ಅಡುಗೆಯವರು ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ಬರುತ್ತಾರೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾಜಿ ಅಧ್ಯಕ್ಷ, ಚನ್ನಗಿರಿ ತಾಲ್ಲೂಕು:

ಎಂಜಿನಿಯರ್ ಸಾಹೇಬರು ಅಕ್ಟೋಬರ್ ಎಂದರು. ಕೆಂಪು ಮಣ್ಣಿನ ಊರಿಗೆ ಅದು ಸರಿ. ನಮ್ಮಂಥ ಎರೆಭೂಮಿಯ ಊರಿಗೆ ಪೂರ್ತಿ ಸರಿಯಲ್ಲ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಕುಗ್ಗುತ್ತದೆ. ಅದರ ಮೇಲೆ ನಿಂತ ಗೋಡೆಯೂ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತಿದ ಬಿರುಕಿನೊಳಗೆ ಏಪ್ರಿಲ್‌ನಲ್ಲಿ ಬಳಪ ತೂರಿಸಬಹುದು. ಅದೇ ಬಿರುಕು ಅಕ್ಟೋಬರ್‌ನಲ್ಲಿ ಕೂದಲೆಳೆಯಷ್ಟಾಗಿ, ಸುಣ್ಣ ಬಳಿದರೆ ಕಾಣದಂತಾಗಿರುತ್ತದೆ. ನೀವು ದಸರೆಯಲ್ಲಿ ಬಂದು ‘ಸಣ್ಣ ಬಿರುಕು’ ಎಂದು ಬರೆದುಕೊಂಡು ಹೋದರೆ ನಮ್ಮ ಶಾಲೆ ಪಟ್ಟಿಯ ಕೊನೆಗೆ ಹೋಗುತ್ತದೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿರುವ ಊರುಗಳಲ್ಲಿ ಇನ್ನೂ ಒಂದು ಕಿರಿಕಿರಿಯಿದೆ. ಶಾಲೆಯ ಹಿಂದೆಯೇ ಭತ್ತದ ಗದ್ದೆಯಿದ್ದರೆ ಒಂದು ಕಡೆಯ ಪಾಯ ಸದಾ ಹಸಿ, ಇನ್ನೊಂದು ಕಡೆಯದು ಒಣ. ಕಟ್ಟಡ ನಡುವೆ ಸೀಳುವುದು ಅಲ್ಲಿಂದಲೇ. ಇಂಥ ಗೋಡೆಗೆ ಪ್ರತಿ ಎರಡು ವರ್ಷಕ್ಕೊಮ್ಮೆ ಸಿಮೆಂಟು ಮೆತ್ತಿ ‘ದುರಸ್ತಿ’ ಎಂದು ಬಿಲ್ಲು ಮಾಡುವುದನ್ನು ನಾವು ನೋಡಿದ್ದೇವೆ. ಮೆತ್ತಿದ ಸಿಮೆಂಟು ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ, ಏಕೆಂದರೆ ರೋಗ ಗೋಡೆಯಲ್ಲಿಲ್ಲ, ಪಾಯದ ಬುಡದಲ್ಲಿದೆ. ಸುತ್ತಲೂ ಇಳಿಜಾರಾಗಿ ಗಚ್ಚು ಹಾಕಿ, ತಾರಸಿಯ ನೀರನ್ನು ಕಾಲುವೆಯಲ್ಲಿ ದೂರ ಸಾಗಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಆದರೆ ಅಂದಾಜುಪಟ್ಟಿಯಲ್ಲಿ ಈ ಬಾಬ್ತು ಬರುವುದೇ ಅಪರೂಪ. ಉದ್ಘಾಟನೆಗೆ ಅದು ಕಾಣುವುದಿಲ್ಲವಲ್ಲ.

ನಿವೃತ್ತ ಎಂಜಿನಿಯರ್, ಚಿತ್ರದುರ್ಗ:

ಚನ್ನಗಿರಿಯವರ ತಿದ್ದುಪಡಿಯನ್ನು ಪೂರ್ತಿ ಒಪ್ಪುತ್ತೇನೆ. ಎರೆನೆಲದ ಊರುಗಳಲ್ಲಿ ಸೋರಿಕೆಯನ್ನು ಅಕ್ಟೋಬರ್‌ನಲ್ಲೂ ಬಿರುಕನ್ನು ಏಪ್ರಿಲ್‌ನಲ್ಲೂ ನೋಡಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯುವುದು, ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸುವುದು ಹಳೆಯ, ಖರ್ಚಿಲ್ಲದ ಉಪಾಯ. ಗಾಜು ಒಡೆದರೆ ಬಿರುಕು ಇನ್ನೂ ಆಡುತ್ತಿದೆ ಎಂದರ್ಥ, ಒಡೆಯದಿದ್ದರೆ ನಿಂತಿದೆ. ಬಿರುಕು ಎಷ್ಟು ಅಗಲವಿದೆ ಎಂಬುದಕ್ಕಿಂತ ಬೆಳೆಯುತ್ತಿದೆಯೇ ಎಂಬುದು ಕ್ರಮಾಂಕಕ್ಕೆ ಹೆಚ್ಚು ಬೇಕಾದ ಮಾಹಿತಿ. ಹೊಸದಾಗಿ ಕಟ್ಟುವಾಗ ಎರೆನೆಲದಲ್ಲಿ ಅಂಡರ್ ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾಗುವ, ನೆಲದಾಳಕ್ಕೆ ಇಳಿಯುವ ಕಾಂಕ್ರೀಟ್ ಕಂಬ) ಪಾಯ ಹಾಕುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ದಶಕಗಳ ಹಿಂದೆಯೇ ರೂಪಿಸಿಕೊಟ್ಟಿದೆ. ಇಡೀ ರಾಜ್ಯಕ್ಕೆ ಒಂದೇ ಮಾದರಿ ನಕ್ಷೆ, ಒಂದೇ ಘಟಕ ವೆಚ್ಚ ಎಂದು ಹೊರಟಾಗ ಅದು ಬಿಟ್ಟುಹೋಗುತ್ತದೆ.

ಎಲ್ಲ ಓರೆ ಬಿರುಕೂ ಪಾಯದ್ದಲ್ಲ, ಎಲ್ಲ ಬಿರುಕೂ ಅಪಾಯದ್ದಲ್ಲ ಎಂಬುದನ್ನೂ ಶಿಕ್ಷಕರಿಗೆ ಹೇಳಿಕೊಡಬೇಕು. ತಾರಸಿಯು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಉದ್ದಕ್ಕೂ ಕಾಣುವ ಅಡ್ಡ ಬಿರುಕು ಬಿಸಿಲಿಗೆ ತಾರಸಿ ಹಿಗ್ಗುವುದರಿಂದ ಬಂದಿರುತ್ತದೆ. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ನೀರು ಇಳಿಯದಂತೆ ನೋಡಿಕೊಂಡರೆ ಸಾಕು. ಭಯಪಡಬೇಕಾದದ್ದು ತಾರಸಿಯ ಒಳಮೈಯಲ್ಲಿ ಕಂಬಿಯ ಉದ್ದಕ್ಕೆ ನೇರವಾಗಿ ಓಡುವ ಸಣ್ಣ ಗೆರೆಗೆ. ಉದ್ದ ಕೋಲಿನಿಂದ ಅಲ್ಲಿ ತಟ್ಟಿದರೆ ಗಟ್ಟಿ ಜಾಗದಲ್ಲಿ ‘ಟಣ್’ ಎನ್ನುವ ಸದ್ದು, ಪದರ ಬಿಟ್ಟ ಜಾಗದಲ್ಲಿ ಟೊಳ್ಳು ಸದ್ದು ಬರುತ್ತದೆ. ಸಾಧಾರಣ ವಾತಾವರಣದಲ್ಲಿ ತಾರಸಿಯ ಕಂಬಿಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಹೇಳುತ್ತದೆ. ಹಳೆಯ ಕೊಠಡಿಗಳಲ್ಲಿ ಉದುರಿದ ತುಂಡನ್ನು ಕೈಗೆತ್ತಿಕೊಂಡರೆ ಎಷ್ಟೋ ಸಲ ಅದರ ಅರ್ಧವೂ ಇರುವುದಿಲ್ಲ. ನೀರು, ಗಾಳಿ ಕಂಬಿಯನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟನ್ನು ತಳ್ಳಿ ಕೆಡವುತ್ತದೆ. ಮಕ್ಕಳ ತಲೆಯ ಮೇಲೆ ಚಕ್ಕೆ ಬೀಳುವುದು ಹೀಗೆ; ಇಡೀ ತಾರಸಿ ಬೀಳುವುದು ಅದಕ್ಕೆ ಎಷ್ಟೋ ಮಳೆಗಾಲಗಳ ನಂತರ. ಆ ನಡುವಿನ ಅವಧಿಯಲ್ಲಿ ಕಂಡುಹಿಡಿಯಬೇಕೆಂದೇ ಪರಿಶೀಲನೆ.

ಲೆಕ್ಕಪತ್ರ ನೌಕರ, ದಾವಣಗೆರೆ:

ಇಲ್ಲಿಯವರೆಗೆ ಕಟ್ಟಡದ ಮಾತಾಯಿತು, ಹಣ ಬರುವ ದಾರಿಯ ಬಗ್ಗೆ ನನಗೆ ತಿಳಿದಿರುವಷ್ಟನ್ನು ಹೇಳುತ್ತೇನೆ. ಹೊಸ ಕಟ್ಟಡದ ಹಣ ಬಜೆಟ್ಟಿನಲ್ಲಿ 4202ನೆಯ ಬಂಡವಾಳ ಲೆಕ್ಕಶೀರ್ಷಿಕೆಯಿಂದ ಬರುತ್ತದೆ. ಸಂಬಳ ಮತ್ತು ದಿನನಿತ್ಯದ ವೆಚ್ಚ 2202ನೆಯ ರಾಜಸ್ವ ಶೀರ್ಷಿಕೆಯದು. ಇವೆರಡರ ನಡುವೆ ಸಿಕ್ಕಿಕೊಳ್ಳುವುದು ದುರಸ್ತಿ. ಕೇಂದ್ರ, ರಾಜ್ಯಗಳ ಜಂಟಿ ಯೋಜನೆಯಾದ ಸಮಗ್ರ ಶಿಕ್ಷಣದಡಿ ಬರುವ ಸಂಯುಕ್ತ ಶಾಲಾ ಅನುದಾನವು ಮಕ್ಕಳ ಸಂಖ್ಯೆಯ ಮೇಲೆ ನಿಂತಿದ್ದು, 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಅದರಲ್ಲೇ ಶೇಕಡ 10ರಷ್ಟನ್ನು ಸ್ವಚ್ಛತೆಗೆ ಎತ್ತಿಟ್ಟು, ವಿದ್ಯುತ್ ಬಿಲ್ಲು, ಸೀಮೆಸುಣ್ಣ, ದಾಖಲೆ ಪುಸ್ತಕಗಳನ್ನೆಲ್ಲ ನೋಡಿಕೊಂಡ ಮೇಲೆ ತಾರಸಿಗೆ ಉಳಿಯುವುದೆಷ್ಟು ಎಂದು ಮೇಡಂ ಅವರನ್ನೇ ಕೇಳಬೇಕು. ಹೀಗಾಗಿ ಮೂವತ್ತು ಸಾವಿರದಲ್ಲಿ ಮುಗಿಯಬೇಕಾಗಿದ್ದ ನೀರುಸೋರಿಕೆ ತಡೆ ಕೆಲಸಕ್ಕೆ ಹಣವಿಲ್ಲದೆ, ಹತ್ತು ವರ್ಷದ ನಂತರ ಅದೇ ಕೊಠಡಿಯನ್ನು ಕೆಡವಿ ಹದಿನೈದು ಲಕ್ಷದ ಹೊಸದಕ್ಕೆ ಕಾಯುವ ಸ್ಥಿತಿ ಬರುತ್ತದೆ.

ಅಮೆರಿಕದಂಥ ದೇಶಗಳಲ್ಲಿ ಕಟ್ಟಡದ ಬಾಕಿ ದುರಸ್ತಿಯ ವೆಚ್ಚವನ್ನು ಅದೇ ಕಟ್ಟಡವನ್ನು ಇಂದು ಹೊಸದಾಗಿ ಕಟ್ಟಲು ತಗಲುವ ವೆಚ್ಚದಿಂದ ಭಾಗಿಸಿ ಒಂದು ಸೂಚ್ಯಂಕ ತೆಗೆಯುತ್ತಾರೆ. ಶೇಕಡ 5ರೊಳಗಿದ್ದರೆ ಒಳ್ಳೆಯ ಸ್ಥಿತಿ, 10 ದಾಟಿದರೆ ಕೆಟ್ಟ ಸ್ಥಿತಿ ಎಂಬುದು ಅಲ್ಲಿ ಬಳಕೆಯಲ್ಲಿರುವ ವಾಡಿಕೆಯ ಅಳತೆ. ನಮ್ಮ ಕೊಠಡಿಗಳಿಗೆ ಆ ಮಿತಿಗಳನ್ನು ಹಾಗೇ ತಂದರೆ ಬಹುಪಾಲು ಕೆಟ್ಟದ್ದೇ ಆಗಿಬಿಡುತ್ತದೆ, ಆದ್ದರಿಂದ ಮಿತಿ ಬೇರೆ ಇಟ್ಟುಕೊಳ್ಳಬೇಕಾದೀತು. ಆದರೆ ಭಾಗಾಕಾರದ ತತ್ವ ಉಪಯುಕ್ತ. ನಾಲ್ಕು ಲಕ್ಷದ ದುರಸ್ತಿ, ಹದಿನಾರು ಲಕ್ಷದ ಹೊಸ ಕಟ್ಟಡ ಎಂದಾದರೆ ಸೂಚ್ಯಂಕ 25. ಅಂದರೆ ದುರಸ್ತಿಯೇ ಲಾಭ. ಅದು 60, 70 ದಾಟಿದಾಗ ಮಾತ್ರ ಕೆಡವುವ ಮಾತು ಬರಬೇಕು. ಈಗ ಆ ಲೆಕ್ಕವಿಲ್ಲದೆ, ದುರಸ್ತಿಗೆ ದಾರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಕೊಠಡಿಗಳು ‘ಕೆಡವತಕ್ಕದ್ದು’ ಎಂಬ ಪಟ್ಟಿಗೆ ಸೇರುತ್ತವೆ.

ಇದಲ್ಲದೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ ರೂಪಾಯಿ ಇದೆ. ಅದರಲ್ಲಿ ಯಾವ ಶಾಲೆಗೆ ಕೊಠಡಿ ಎಂಬುದು ಅವರ ವಿವೇಚನೆಗೆ ಬಿಟ್ಟದ್ದು. ಅದನ್ನು ಕಸಿಯಲು ನಾವು ಹೊರಟಿಲ್ಲ. ಕ್ರಮಾಂಕದ ಪಟ್ಟಿಯೊಂದು ತಾಲ್ಲೂಕು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿದ್ದರೆ, ಪಟ್ಟಿಯ ಮೊದಲ ಹತ್ತನ್ನು ಬಿಟ್ಟು ನಲವತ್ತನೆಯದಕ್ಕೆ ಹಣ ಹೋದಾಗ ಕಾರಣ ಕೇಳುವುದಕ್ಕಾದರೂ ಆಧಾರ ಸಿಗುತ್ತದೆ.

ಹಟ್ಟಿಯ ಹುಡುಗ, ಹಿರಿಯೂರು ತಾಲ್ಲೂಕು:

ಎಲ್ಲರೂ ‘ಮಕ್ಕಳ ಸಂಖ್ಯೆ’ ಎಂಬ ಮಾತನ್ನು ಸಹಜವೆಂಬಂತೆ ಬಳಸುತ್ತಿದ್ದೀರಿ. ನಾನು ಓದಿದ್ದು ಗೊಲ್ಲರಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಈಗಲೂ ಇಪ್ಪತ್ತು ಮಕ್ಕಳಿಲ್ಲ, ಕೊಠಡಿ ಎರಡೇ. ‘ಪ್ರತಿ ಲಕ್ಷ ರೂಪಾಯಿಗೆ ಎಷ್ಟು ಮಕ್ಕಳಿಗೆ ಅನುಕೂಲ’ ಎಂದು ಯಾವಾಗ ಲೆಕ್ಕ ಹಾಕುತ್ತೀರೋ ಆಗ ಹಟ್ಟಿ, ತಾಂಡಾಗಳ ಶಾಲೆಗಳು ಶಾಶ್ವತವಾಗಿ ಕೊನೆಗೆ ಬೀಳುತ್ತವೆ. ಕಟ್ಟಡ ಕೆಟ್ಟಿದೆಯೆಂದು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ, ಮಕ್ಕಳು ಕಡಿಮೆಯಾದರೆಂದು ಕಟ್ಟಡಕ್ಕೆ ಹಣ ಬರುವುದಿಲ್ಲ, ಕೊನೆಗೆ ಪಕ್ಕದೂರಿನ ದೊಡ್ಡ ಶಾಲೆಗೆ ಸೇರಿಸುವ ಮಾತು ಬರುತ್ತದೆ. ಆರು ವರ್ಷದ ಮಗು ಆ ದೂರ ನಡೆಯುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಒಬ್ಬ ಶಿಕ್ಷಕರಿಗೆ ಒಂದು ಕೊಠಡಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ ಎಂದೆಲ್ಲ ಬರೆದಿದೆ. ಐವತ್ತಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. 2010ರಲ್ಲಿ ಜಾರಿಗೆ ಬಂದ ಆ ಕಾಯ್ದೆ ಈಗಾಗಲೇ ಇದ್ದ ಶಾಲೆಗಳಿಗೆ ಕೊಟ್ಟಿದ್ದ ಗಡುವು ಮೂರೇ ವರ್ಷ.

ಲೆಕ್ಕಪತ್ರ ನೌಕರ, ದಾವಣಗೆರೆ:

ತಮ್ಮಾ, ನಿನ್ನ ಮಾತಿನ ನೋವು ಅರ್ಥವಾಗುತ್ತದೆ. ಆದರೂ ಸಂಖ್ಯೆಯನ್ನು ಪೂರ್ತಿ ಬಿಡಲಾಗದು. ಒಂದೇ ವರ್ಷ ಹೊಸ ಕೊಠಡಿ ಪಡೆದು ಮರುವರ್ಷ ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳೂ ಇವೆ, ಆ ಹಣ ಮತ್ತೊಂದು ಊರಿನ ಮಕ್ಕಳದಾಗಿತ್ತು. ಎಂಜಿನಿಯರ್ ಸಾಹೇಬರು ಹೇಳಿದ ವಿಂಗಡಣೆಯೇ ಇಲ್ಲಿಯೂ ದಾರಿ ಎನಿಸುತ್ತದೆ. ಅಪಾಯದ ಪಟ್ಟಿಯಲ್ಲಿ ಮಕ್ಕಳ ಸಂಖ್ಯೆ ಲೆಕ್ಕಕ್ಕೆ ಬರಲೇಬಾರದು. ಹನ್ನೆರಡು ಮಕ್ಕಳ ಮೇಲಿನ ತಾರಸಿಗೂ ಇನ್ನೂರು ಮಕ್ಕಳ ಮೇಲಿನ ತಾರಸಿಗೂ ಅಲ್ಲಿ ಒಂದೇ ನಿಯಮ. ಹೆಚ್ಚುವರಿ ಕೊಠಡಿ, ಗ್ರಂಥಾಲಯ, ಪ್ರಯೋಗಾಲಯದಂಥ ವಿಸ್ತರಣೆಯ ಪಟ್ಟಿಯಲ್ಲಿ ಸಂಖ್ಯೆಗೆ ತೂಕ ಇರಲಿ. ಇನ್ನು ದುರಸ್ತಿಯ ಪಟ್ಟಿಯಲ್ಲಿ ಸಂಖ್ಯೆಗೆ ಬದಲಾಗಿ, ಆ ಶಾಲೆ ಮುಚ್ಚಿದರೆ ಮುಂದಿನ ಶಾಲೆ ಎಷ್ಟು ದೂರ ಎಂಬುದನ್ನು ಸೇರಿಸಬಹುದು.

ಹಟ್ಟಿಯ ಹುಡುಗ, ಹಿರಿಯೂರು ತಾಲ್ಲೂಕು:

ದೂರವನ್ನು ನಕ್ಷೆಯ ಮೇಲೆ ಅಳೆಯಬಾರದು ಅಣ್ಣಾ, ಹಳ್ಳವನ್ನೂ ಹೆದ್ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿರಿಯೂರಿನ ಸುತ್ತ ಹೆದ್ದಾರಿ ದಾಟಿ ಶಾಲೆಗೆ ಹೋಗಬೇಕಾದ ಊರುಗಳಿವೆ. ಈ ಷರತ್ತಿನ ಮೇಲೆ ನಿಮ್ಮ ಮೂರು ಪಟ್ಟಿಯನ್ನು ಒಪ್ಪುತ್ತೇನೆ.

ಓದುಗರೊಬ್ಬರು, ಹೊಳಲ್ಕೆರೆ:

ಬೇರೆ ಮೂಲಗಳ ಹಣವನ್ನೂ ಇದೇ ಪಟ್ಟಿಗೆ ತರಬೇಕು ಎಂಬುದು ನನ್ನ ಸೇರ್ಪಡೆ. ಚಿತ್ರದುರ್ಗ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಇರುವುದರಿಂದ, 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ನಮ್ಮಲ್ಲಿದೆ, ಅದರ ಆದ್ಯತೆಯ ವಲಯಗಳಲ್ಲಿ ಶಿಕ್ಷಣವೂ ಸೇರಿದೆ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೀಮೆಗೆ ಪ್ರತ್ಯೇಕ ನಿಗಮವೂ ಇದೆ. ಈ ಹಣವು ಸಹಜವಾಗಿ ಗಣಿಯ ಸುತ್ತಲಿನ ಊರುಗಳಿಗೆ ಹೋಗಬೇಕಾದದ್ದು. ಅಲ್ಲಿನ ಶಾಲೆಗಳ ಖರ್ಚು ಅದರಿಂದ ತೀರಿದರೆ, ರಾಜ್ಯ ಬಜೆಟ್ಟಿನ ಹಣವನ್ನು ಮೊಳಕಾಲ್ಮೂರು, ಚಳ್ಳಕೆರೆಯ ಗಡಿ ಊರುಗಳಿಗೆ ತಿರುಗಿಸಬಹುದು. ಈಗ ಎರಡೂ ಹಣ ಒಂದೇ ಶಾಲೆಗೆ ಹೋಗಿ, ಸುಸ್ಥಿತಿಯ ಗೋಡೆಗೆ ಎರಡನೆಯ ಸಲ ಟೈಲ್ಸ್ ಬರುವುದೂ ಉಂಟು.

ಅನುದಾನದ ಬಗ್ಗೆ ಮೊಳಕಾಲ್ಮೂರಿನವರಿಗಿರುವ ಅಸಮಾಧಾನವೂ ಸುಮ್ಮನೆ ಹುಟ್ಟಿದ್ದಲ್ಲ. ಗಡಿಯಾಚೆಯ ಬಳ್ಳಾರಿ ಜಿಲ್ಲೆಗೆ ಸಂವಿಧಾನದ 371ಜೆ ವಿಧಿಯ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ವಿಧಿ) ಕಾರಣದಿಂದ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಸಿಗುತ್ತದೆ, ಈಚೆಗೆ ಅದೇ ಮಣ್ಣು, ಅದೇ ಬರ, ಆದರೆ ಆ ಅನುದಾನವಿಲ್ಲ. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿದ್ದರ ಹಿಂದೆಯೂ ಈ ವಿಧಿಯ ಸೆಳೆತವಿತ್ತು. ತಾಲ್ಲೂಕು ತಾಲ್ಲೂಕಿಗೆ ಹೋಲಿಸಿ ಹಿಂದುಳಿದಿರುವಿಕೆಯನ್ನು ಅಳೆಯಲು ಸಾಧ್ಯವೆಂಬುದನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತೋರಿಸಿ, 114 ತಾಲ್ಲೂಕುಗಳನ್ನು ಮೂರು ಹಂತಗಳಲ್ಲಿ ಗುರುತಿಸಿತ್ತು. ಶಾಲಾ ಕಟ್ಟಡಕ್ಕೂ ಅಷ್ಟೇ ಶ್ರದ್ಧೆಯ ಅಳತೆ ಬೇಕು.

ಸಿವಿಲ್ ವಿಭಾಗದ ಉಪನ್ಯಾಸಕ, ದಾವಣಗೆರೆ:

ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಜಿಲ್ಲಾ ಪಂಚಾಯಿತಿಯ ಕಿರಿಯ ಎಂಜಿನಿಯರುಗಳ ಮೇಲೆ ರಸ್ತೆ, ಅಂಗನವಾಡಿ, ಕುಡಿಯುವ ನೀರಿನ ಕೆಲಸಗಳೂ ಇರುವಾಗ ಪ್ರತಿ ಕೊಠಡಿಯ ಪರಿಶೀಲನೆಯನ್ನು ಅವರೊಬ್ಬರಿಂದಲೇ ನಿರೀಕ್ಷಿಸುವುದು ಕಷ್ಟ. ಅಂತಿಮ ವರ್ಷದ ವಿದ್ಯಾರ್ಥಿಗಳು ರೀಬೌಂಡ್ ಹ್ಯಾಮರ್ (ಕಾಂಕ್ರೀಟಿನ ಮೇಲ್ಮೈಗೆ ಬಡಿದು ಅದರ ಗಡುಸು ಅಳೆಯುವ ಸಾಧನ) ಹಿಡಿದು ಮೊದಲ ಸುತ್ತಿನ ಮಾಹಿತಿ ತಂದರೆ, ಎಂಜಿನಿಯರುಗಳು ಸಂಶಯದ ಕೊಠಡಿಗಳಿಗೆ ಮಾತ್ರ ಹೋದರೆ ಸಾಕಾಗುತ್ತದೆ.

ಕಟ್ಟಿದ ಕಾಲ ಮತ್ತು ವಿಧಾನದ ಪ್ರಕಾರ ಗುಂಪು ಮಾಡುವುದರಿಂದಲೂ ಕೆಲಸ ಹಗುರಾಗುತ್ತದೆ. ಇಂಗ್ಲೆಂಡಿನಲ್ಲಿ 2018ರಲ್ಲಿ ಕೆಂಟ್ ಪ್ರಾಂತ್ಯದ ಪ್ರಾಥಮಿಕ ಶಾಲೆಯೊಂದರ ಚಾವಣಿ ವಾರಾಂತ್ಯದಲ್ಲಿ ಕುಸಿಯಿತು. ಮಕ್ಕಳಿರಲಿಲ್ಲವಾದ್ದರಿಂದ ಪ್ರಾಣಹಾನಿ ತಪ್ಪಿತು. ಕಾರಣ, ದಶಕಗಳ ಹಿಂದೆ ಬಳಸಿದ್ದ ಒಂದು ಬಗೆಯ ಹಗುರ ಕಾಂಕ್ರೀಟಿನ ಹಲಗೆ. ಅದೇ ಹಲಗೆ ಇನ್ನೆಲ್ಲೆಲ್ಲಿದೆ ಎಂದು ಹುಡುಕುತ್ತ ಹೋಗಿ, 2023ರ ಆಗಸ್ಟ್ ಕೊನೆಯಲ್ಲಿ, ಶಾಲೆ ಪುನರಾರಂಭದ ಹೊಸ್ತಿಲಲ್ಲಿ, ನೂರಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಭಾಗಗಳನ್ನು ಮುಚ್ಚುವಂತೆ ಅಲ್ಲಿನ ಸರ್ಕಾರ ಹೇಳಬೇಕಾಯಿತು. ನಮ್ಮಲ್ಲಿಯೂ ಒಂದು ತಾಲ್ಲೂಕಿನಲ್ಲಿ ಒಂದೇ ಯೋಜನೆಯಡಿ ಒಂದೇ ಅವಧಿಯಲ್ಲಿ ಎದ್ದ ಕೊಠಡಿಗಳಲ್ಲಿ ಒಂದು ಕೆಟ್ಟಿದ್ದರೆ, ಉಳಿದವನ್ನು ಕರೆಯದೆಯೇ ಹೋಗಿ ನೋಡಬೇಕು.

ನಿವೃತ್ತ ಎಂಜಿನಿಯರ್, ಚಿತ್ರದುರ್ಗ:

ಉಪನ್ಯಾಸಕರ ಸಲಹೆ ಸ್ವಾಗತಾರ್ಹ. ವಿಶೇಷವಾಗಿ ಯೋಜನೆವಾರು ಗುಂಪು ಮಾಡುವುದು ನನಗೆ ಹೊಳೆದಿರಲಿಲ್ಲ. ರೀಬೌಂಡ್ ಹ್ಯಾಮರ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಹಳೆಯ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಡುಸಾಗಿರುತ್ತದೆ. ಹ್ಯಾಮರ್ ಆ ಗಡುಸನ್ನೇ ಬಲವೆಂದು ತೋರಿಸುತ್ತದೆ. ವಿಪರ್ಯಾಸವೆಂದರೆ, ಅದೇ ಕ್ರಿಯೆ ಕಂಬಿಯವರೆಗೆ ಮುಟ್ಟಿದಾಗ ತುಕ್ಕಿಗೆ ದಾರಿಯಾಗುತ್ತದೆ. ಹಾಗಾಗಿ ಒಳಗೆ ಹಾಳಾಗುತ್ತಿರುವ ತಾರಸಿಯೇ ಹ್ಯಾಮರಿನಲ್ಲಿ ಒಳ್ಳೆಯ ಅಂಕ ಪಡೆಯಬಹುದು. ವಿದ್ಯಾರ್ಥಿಗಳಿಗೆ ಕೋಲಿನಿಂದ ತಟ್ಟುವುದನ್ನೂ, ತಾರಸಿ ಹತ್ತಿ ನೋಡುವುದನ್ನೂ ಮೊದಲು ಕಲಿಸಿ. ಬೇವಿನ ಎಲೆ ಸೇರಿಕೊಂಡು ನೀರಿನ ಕೊಳವೆ ಮುಚ್ಚಿಹೋಗಿರುವುದು, ಪ್ಯಾರಾಪೆಟ್ಟಿನ ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟಿರುವುದು ಮೇಲೆ ಹತ್ತಿದವರಿಗಷ್ಟೇ ಕಾಣುತ್ತದೆ. ಏಣಿಯಿಲ್ಲದ ಕಾರಣಕ್ಕೆ ಎಷ್ಟೋ ಪರಿಶೀಲನೆಗಳು ನೆಲದಿಂದಲೇ ಮುಗಿದುಹೋಗುತ್ತವೆ.

ವರದಿಗೆ ಸಹಿ ಮಾತ್ರ ಸರ್ಕಾರಿ ಎಂಜಿನಿಯರರದೇ ಇರಬೇಕು. 2004ರ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತ ನಂತರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಸುರಕ್ಷಿತ ಕಟ್ಟಡವೂ ಮಗುವಿನ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ಆದ್ದರಿಂದ ಹೊಣೆ ಹೊರುವ ಹೆಸರು, ಹುದ್ದೆ ವರದಿಯ ಮೇಲೆ ಇರಲೇಬೇಕು, ಆ ಹೊಣೆಯನ್ನು ಮುಖ್ಯಶಿಕ್ಷಕರ ಮೇಲೆ ಜಾರಿಸಬಾರದು.

ಮುಖ್ಯಶಿಕ್ಷಕಿ, ಚಳ್ಳಕೆರೆ ತಾಲ್ಲೂಕು:

ಸಹಿ ಮೇಲಿನವರದಾದರೆ ನಮ್ಮ ಅರ್ಧ ಅಳುಕು ಹೋಗುತ್ತದೆ. ಆದರೆ ಕೊಠಡಿಗೆ ಕೆಂಪು ಗುರುತು ಬಿದ್ದ ಮರುದಿನ ಬೆಳಿಗ್ಗೆ ಮಕ್ಕಳನ್ನು ಎಲ್ಲಿ ಕೂರಿಸಬೇಕು ಎಂಬುದನ್ನೂ ಅದೇ ವರದಿಯಲ್ಲಿ ಬರೆಯಬೇಕೆಂದು ಕೋರುತ್ತೇನೆ. ‘ಬಳಸಬಾರದು’ ಎಂದು ಒಂದು ಸಾಲು ಬರೆದು ಹೋಗುವುದು ಸುಲಭ. ಕೆಡವಲು ಅನುಮತಿ, ಹಳೆಯ ಸಾಮಗ್ರಿಯ ಹರಾಜು, ಹೊಸ ಅಂದಾಜುಪಟ್ಟಿ, ಟೆಂಡರ್ ಎಲ್ಲ ಮುಗಿಯುವ ಹೊತ್ತಿಗೆ ಎರಡು ಶೈಕ್ಷಣಿಕ ವರ್ಷಗಳು ಕಳೆದಿರುತ್ತವೆ. ಅಷ್ಟು ಕಾಲ ಸಮುದಾಯ ಭವನವೋ, ದೇವಸ್ಥಾನದ ಪೌಳಿಯೋ, ಹೊಂದಿಕೊಂಡ ಅಂಗನವಾಡಿಯೋ ಎಂಬುದನ್ನು ಗ್ರಾಮ ಪಂಚಾಯಿತಿಯೂ ಎಸ್‌ಡಿಎಂಸಿಯೂ ಸೇರಿ ಮೊದಲೇ ಗೊತ್ತುಮಾಡಿದ್ದರೆ ಮಾತ್ರ ಶಿಕ್ಷಕರು ಧೈರ್ಯವಾಗಿ ಬೀಗ ಹಾಕುತ್ತಾರೆ. ಪರ್ಯಾಯ ಜಾಗವೇ ಇಲ್ಲದ ಶಾಲೆಯು ಅಪಾಯದ ಪಟ್ಟಿಯೊಳಗೂ ಮೊದಲು ಬರಬೇಕು.

ಹಾಗೆಯೇ ರ‍್ಯಾಂಪ್ ಇದೆಯೇ ಎಂಬ ಕಲಂ ಎದುರು ‘ಇದೆ’ ಎಂದು ಬರೆಯುವ ಮೊದಲು ಅದು ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ಮತಗಟ್ಟೆಯಾಗುವ ಕೊಠಡಿಗೆ ಚುನಾವಣೆಗೆ ಮೊದಲು ರ‍್ಯಾಂಪ್ ಬಂದಿರುತ್ತದೆ; ಗಾಲಿಕುರ್ಚಿಯ ಮಗು ಓದುವ ತರಗತಿಗೂ ಶೌಚಾಲಯಕ್ಕೂ ಮೆಟ್ಟಿಲೇ ಇರುತ್ತದೆ.

ಎಸ್‌ಡಿಎಂಸಿ ಮಾಜಿ ಅಧ್ಯಕ್ಷ, ಚನ್ನಗಿರಿ ತಾಲ್ಲೂಕು:

ಮೇಡಂ ಹೇಳಿದ ಪರ್ಯಾಯ ಜಾಗದ ಕಲಂ ಸೇರಲೇಬೇಕು. ಜೊತೆಗೆ ಶಾಲೆಯ ಜಾಗದ ದಾಖಲೆ ಯಾರ ಹೆಸರಿನಲ್ಲಿದೆ ಎಂಬ ಕಲಂ ಕೂಡ ಇರಲಿ. ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗದ ಮೇಲೆ ನಿಂತ ಶಾಲೆಗಳು ನಮ್ಮ ಕಡೆ ಬಹಳ. ಕ್ರಮಾಂಕದಲ್ಲಿ ಮೊದಲು ಬಂದು, ಹಣ ಮಂಜೂರಾಗಿ, ಕೆಲಸ ಶುರುವಾಗುವ ದಿನ ಮೊಮ್ಮಕ್ಕಳು ಬಂದು ತಡೆದರೆ ಮಾರ್ಚ್ 31ರೊಳಗೆ ಬಿಲ್ಲಾಗದೆ ಹಣ ವಾಪಸು ಹೋಗುತ್ತದೆ. ಪರಿಶೀಲನೆ ಅಕ್ಟೋಬರ್‌ನಲ್ಲಿ ನಡೆದರೆ ಮುಂದಿನ ಬಜೆಟ್ಟಿನವರೆಗೆ ನಾಲ್ಕೈದು ತಿಂಗಳು ಸಿಗುತ್ತದೆ; ಖಾತೆ, ದಾನಪತ್ರ ಸರಿಪಡಿಸಲು ಅಷ್ಟು ಸಾಕು.

ಲೆಕ್ಕಪತ್ರ ನೌಕರ, ದಾವಣಗೆರೆ:

ಹಾಗಾದರೆ ನಮೂನೆಯನ್ನು ಹೀಗೆ ಇಟ್ಟುಕೊಳ್ಳೋಣ: ಪ್ರತಿ ಕೊಠಡಿಗೆ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಕಟ್ಟಿದ ವರ್ಷ ಮತ್ತು ಯೋಜನೆ, ಮಣ್ಣಿನ ಬಗೆ, ಅಕ್ಟೋಬರ್‌ನ ಸೋರಿಕೆ, ಏಪ್ರಿಲ್‌ನ ಬಿರುಕು, ತಾರಸಿ ಹತ್ತಿ ನೋಡಿದ ದಿನಾಂಕ, ಈಗಿನ ಬಳಕೆ, ದುರಸ್ತಿಗೂ ಹೊಸದಕ್ಕೂ ಅಂದಾಜು ವೆಚ್ಚ, ಪರ್ಯಾಯ ಜಾಗ, ಭೂಮಿಯ ದಾಖಲೆ, ಸಹಿ. ಅಂಕ ಎಂಬ ಕಲಂ ಅಪಾಯದ ಹಾಳೆಯಲ್ಲಿ ಬೇಡ. ಹೊಳಲ್ಕೆರೆಯವರು ಹೇಳಿದಂತೆ ಈಗಾಗಲೇ ಬೇರೆ ನಿಧಿಯಿಂದ ಹಣ ಬಂದಿದೆಯೇ ಎಂಬುದನ್ನು ಕೊನೆಯಲ್ಲಿ ಸೇರಿಸುತ್ತೇನೆ. ಇದರ ಕರಡನ್ನು ಟೈಪ್ ಮಾಡಿ ಇಲ್ಲಿಯೇ ಹಾಕುತ್ತೇನೆ. ಮೇಡಂ ಅವರು ಒಂದು ಶಾಲೆಗೆ ಅದನ್ನು ತುಂಬಿ ನೋಡಿ, ಒಬ್ಬ ಶಿಕ್ಷಕಿಗೆ ಯಾವ ಕಲಂ ಅರ್ಥವಾಗುವುದಿಲ್ಲ ಎಂಬುದನ್ನು ತಿಳಿಸಿದರೆ, ತಾಲ್ಲೂಕು ಪಂಚಾಯಿತಿಗೆ ಕೊಡುವ ಮೊದಲು ತಿದ್ದಬಹುದು.